ತೊಟ್ಟಿಲಿನಿಂದ ಹೊಸ್ತಿಲಿಗೆ

ಸಂಸಾರವನ್ನು ತೊರೆದು ಅರಣ್ಯವನ್ನು ಸೇರಿದವರಿಗೆ ಮಾತ್ರ ಶಿವನೊಲುಮೆ ದೊರೆಯುವುದೆಂಬ ಭಾವನೆಯನ್ನು 12ನೆಯ ಶತಮಾನದ ಶಿವಶರಣರು ಒಪ್ಪಲಿಲ್ಲ. ಕಲ್ಯಾಣದ ಶರಣರ ಕೂಟದಲ್ಲಿ ಹಗ್ಗ ಹೊಸೆಯುವವರಿದ್ದರು, ಬಟ್ಟೆ ಒಗೆಯುವವರಿದ್ದರು, ದೋಣಿ ನಡೆಸುವವರಿದ್ದರು, ಅಕ್ಕಿ ಆಯುವವರಿದ್ದರು. ಅವರಲ್ಲಿ ಬಹುಮಂದಿ ಮನೆಮಾರು ಕಟ್ಟಿಕೊಂಡು ಬಾಳಿದ ಗೃಹಸ್ಥರು, ಬಸವಣ್ಣನವರೂ ಗೃಹಸ್ಥರೇ. ಆದುದರಿಂದ ಶರಣಧರ್ಮವು ಅಡಿಗೆಯ ಒಲೆಯ ಬಳಿಗೂ ಬರುತ್ತದೆ, ತೊಟ್ಟಿಲಿನ ಬಳಿಗೂ ಬರುತ್ತದೆ. ಹೀಗಿದ್ದರೂ ಎಳೆಯ ಮಗುವಿರುವ ಮನೆಗಳಲ್ಲಿ ಒಂದು ಸಂದೇಹವು ಮತ್ತೆ ಮತ್ತೆ ತಲೆದೋರುತ್ತದೆ. ಅದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ. ಮನಸ್ಸಿನಲ್ಲಿಯೇ ಇಟ್ಟುಕೊಂಡು ನೋಯುವವರು ಹೆಚ್ಚು.

ಚೊಚ್ಚಲ ಕೂಸಿನ ತಾಯಿಯ ದಿನಚರಿಯನ್ನು ನೋಡಿದರೆ ಈ ಸಂದೇಹದ ಮೂಲವು ತಿಳಿಯುತ್ತದೆ. ಕೂಸು ಮಲಗಿಸಿದಲ್ಲಿಯೇ ಇರುವ ಮೊದಲ ತಿಂಗಳುಗಳಲ್ಲಿ ಅವಳು ಹೇಗೋ ಹೊತ್ತನ್ನು ಹೊಂದಿಸಿಕೊಳ್ಳುತ್ತಾಳೆ. ಹಾಲು ಕುಡಿದ ಕೂಸು ತೊಟ್ಟಿಲಿನಲ್ಲಿ ಕಣ್ಣು ಮುಚ್ಚಿದೊಡನೆ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿ ಇರಿಸಿಕೊಂಡು ಸ್ವಲ್ಪ ಹೊತ್ತಾದರೂ ಕುಳಿತುಕೊಳ್ಳುತ್ತಾಳೆ. 8-9 ತಿಂಗಳಾಗುತ್ತಲೇ ಆ ಅನುಕೂಲವು ಮುಗಿಯುತ್ತದೆ. ಅಂಬೆಗಾಲಿಡುವ ಕೂಸು ಪೂಜೆಯ ಮಣೆಯವರೆಗೂ ಬರುತ್ತದೆ; ತಂಬಿಗೆಯ ನೀರನ್ನು ಚೆಲ್ಲುತ್ತದೆ; ವಿಭೂತಿಯ ಗಟ್ಟಿಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ; ಬಿಲ್ವಪತ್ರೆಯನ್ನು ಹರಿದು ಚೆಲ್ಲಾಡುತ್ತದೆ. ಕದವನ್ನು ಮುಂದೆ ಮಾಡಿದರೆ ಹೊರಗಿನಿಂದ ಬಡಿದು ಅಳುತ್ತದೆ. ಈ ವಯಸ್ಸಿನ ಕೂಸಿಗೆ ತಾಯಿಯು ಕಣ್ಮರೆಯಾದರೂ ಎಲ್ಲಿಯೋ ಇದ್ದಾಳೆಂಬ ಅರಿವು ಮೂಡಿರುತ್ತದೆ. ತಪ್ಪದೆ ಮರಳಿ ಬರುವಳೆಂಬ ಭರವಸೆಯು ಇನ್ನೂ ಬಲಿತಿರುವುದಿಲ್ಲ. ಆ ಅಳುವನ್ನು ಹಿರಿಯರು ಹಟವೆಂದು ತಿಳಿಯುವುದುಂಟು, ಆದರೆ ಅದು ಅಗಲಿಕೆಯ ಭಯ. ಎತ್ತಿಕೊಂಡು ಹಾಲೂಡಿಸಿದರೆ ಅದೇ ಕೂಸು ತಾಯಿಯ ಶಿವದಾರವನ್ನು ಹಿಡಿದೆಳೆದು ಕರಡಿಗೆಯನ್ನು ಬಾಯಿಗೆ ತಂದುಕೊಳ್ಳುತ್ತದೆ. ತಾಯಿಯು ಬೆಚ್ಚುತ್ತಾಳೆ. ನಿತ್ಯನೇಮವು ತಪ್ಪಿತು, ಲಿಂಗಕ್ಕೆ ಅಪಚಾರವಾಯಿತು, ತಾಯಿಯಾಗಿ ತಾನು ಭಕ್ತೆಯಾಗಿ ಉಳಿಯಲಿಲ್ಲವಲ್ಲಾ ಎಂದು ಕೊರಗುತ್ತಾಳೆ.

ಈ ಕೊರಗಿಗೆ ನುಲಿಯ ಚಂದಯ್ಯನವರ ಕಥೆಯಲ್ಲಿ ಉತ್ತರವಿದೆ. ಚಂದಯ್ಯನವರದು ಹುಲ್ಲು ಕೊಯ್ದು ತಂದು ಹಗ್ಗ ಹೊಸೆದು ಮಾರುವ ಕಾಯಕ. ಒಂದು ದಿನ ಹುಲ್ಲು ಕೊಯ್ಯುತ್ತಿರುವಾಗ ಅವರ ಲಿಂಗವು ಜಾರಿ ನೀರಿಗೆ ಬಿದ್ದಿತೆಂದೂ, ಅವರು ಅದನ್ನೆತ್ತಿಕೊಳ್ಳಲು ನಿಲ್ಲದೆ ಹುಲ್ಲಿನ ಹೊರೆಯೊಡನೆ ನಡೆದರೆಂದೂ, ಲಿಂಗವೇ ಅವರ ಬೆನ್ನುಹತ್ತಿ ಬಂದಿತೆಂದೂ, ಕಡೆಗೆ ಮಡಿವಾಳ ಮಾಚಯ್ಯನವರು ನಡುವೆ ನಿಂತು ಸಮಾಧಾನ ಮಾಡಿದರೆಂದೂ ಶರಣರ ಚರಿತ್ರೆಯು ಹೇಳುತ್ತದೆ. ಈ ಕಥೆಯನ್ನು ಲಿಂಗದ ಬಗೆಗೆ ಉದಾಸೀನವನ್ನು ಕಲಿಸುವ ಕಥೆಯೆಂದು ಯಾರೂ ಓದುವುದಿಲ್ಲ. ಮನಸ್ಸಿಟ್ಟು ಮಾಡುವ ಕಾಯಕವಿದ್ದಲ್ಲಿಗೆ ಲಿಂಗವು ತಾನಾಗಿಯೇ ಬರುತ್ತದೆಂಬುದು ಅದರ ತಿರುಳು. ಹುಲ್ಲಿನ ಹೊರೆಯನ್ನು ಹೊತ್ತವರ ಹಿಂದೆ ಬಂದ ಲಿಂಗವು ಕೂಸನ್ನು ಹೊತ್ತವಳಿಂದ ದೂರವಾಗುವುದೇ? ಅರಿಯದ ಕೂಸಿನ ಕೈ ಕರಡಿಗೆಯನ್ನು ಮುಟ್ಟಿದುದು ಅಪಚಾರವಾಗಲಾರದು. ಕರಡಿಗೆಯನ್ನು ಶುಚಿಮಾಡಿ ಕೊರಳಿಗೆ ಹಾಕಿಕೊಂಡು, ಕೂಸಿನ ಹಣೆಗೊಂದಿಷ್ಟು ವಿಭೂತಿಯಿಟ್ಟು, ಅವಳು ತನ್ನ ಕೆಲಸವನ್ನು ಮುಂದುವರಿಸಬಹುದು.

ಜಂಗಮವೆಂಬ ಶಬ್ದಕ್ಕೆ ಚಲಿಸುವುದೆಂದು ಅರ್ಥ. ನಿನ್ನೆಯವರೆಗೆ ಮಲಗಿಸಿದಲ್ಲಿಯೇ ಮಲಗಿದ್ದ ಕೂಸು ಇಂದು ಮನೆಯೊಳಗೆಲ್ಲ ಚಲಿಸತೊಡಗಿದೆ. ಜಂಗಮರು ಮನೆಗೆ ಬಿಜಯಂಗೈದಾಗ ಭಕ್ತನು ತನ್ನ ಅನುಕೂಲದ ವೇಳೆಯನ್ನು ಅವರಿಗೆ ಹೇಳುವುದಿಲ್ಲ. ಅವರ ಹಸಿವಿನ ವೇಳೆಯೇ ದಾಸೋಹದ ವೇಳೆ. ಹರೆಯುವ ಕೂಸು, ತಪ್ಪುಹೆಜ್ಜೆಯಿಡುವ ಮಗು ತಾಯ್ತಂದೆಗಳಿಂದ ಬೇಡುವುದೂ ಇಂತಹ ಸೇವೆಯನ್ನೇ. ಹಾಗೆಂದು ಮಗುವನ್ನು ದೇವರೆಂದು ಭಾವಿಸಿ ಅದು ಕೇಳಿದುದೆಲ್ಲವನ್ನೂ ಕೊಡಬೇಕೆಂಬುದು ಇದರ ಅರ್ಥವಲ್ಲ. ಮಗುವಿಗೆ ಇನ್ನೂ ಅರಿವಿಲ್ಲ; ಆದುದರಿಂದಲೇ ಸೇವೆ ಮಾಡುವವರಲ್ಲಿ ಇಮ್ಮಡಿ ಅರಿವಿರಬೇಕು. ಉರಿಯುವ ದೀಪವನ್ನು ನೆಲದ ಮೇಲಿಟ್ಟು, ಮುಟ್ಟಲು ಬಂದ ಮಗುವಿನ ಕೈಗೆ ಹೊಡೆಯುವುದಕ್ಕಿಂತ ದೀಪವನ್ನು ಎತ್ತರದಲ್ಲಿಡುವುದು ಲೇಸು. ಕುದಿನೀರಿನ ಪಾತ್ರೆ, ನೀರು ತುಂಬಿದ ಬಕೀಟು, ನೆಲಕ್ಕೆ ಬಿದ್ದ ಅಡಕೆಯ ಚೂರು, ಕಡಲೆಕಾಯಿ ಬೀಜ, ನಾಣ್ಯ, ಇವೆಲ್ಲವೂ ಎಳೆಯ ಜೀವಕ್ಕೆ ಅಪಾಯ ತರುವ ವಸ್ತುಗಳು. ಅವನ್ನು ಎತ್ತಿಡಲು ದಿನಕ್ಕೆ ಹತ್ತು ಸಲ ಬಾಗುವ ಬೆನ್ನು ಪೂಜೆಗೆ ಬಾಗುವ ಬೆನ್ನಿಗಿಂತ ಕಡಿಮೆಯದಲ್ಲ.

ಇಲ್ಲಿ ಮನೆಯ ಯಜಮಾನನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಮಾತೊಂದುಂಟು. ಅವನು ಬೆಳಗಿನಲ್ಲಿ ಪೂಜೆಗೆ ಕುಳಿತಾಗ ಮನೆಯಲ್ಲಿ ಸದ್ದಿರುವುದಿಲ್ಲ. ಆ ಶಾಂತಿಯು ತಾನಾಗಿ ಬಂದುದೇ? ಅವನ ಮಡದಿಯು ಕೂಸನ್ನು ಸೊಂಟದ ಮೇಲೆತ್ತಿಕೊಂಡು, ಒಂದು ಕಣ್ಣನ್ನು ಒಲೆಯ ಮೇಲಿಟ್ಟು, ಹಿತ್ತಿಲಿನಲ್ಲಿ ತಿರುಗುತ್ತಿರುವುದರಿಂದ ಅದು ಅವನಿಗೆ ದೊರೆತಿದೆ. ಅವನ ಏಕಾಗ್ರತೆಗೆ ಅವಳ ದಣಿವು ಆಧಾರವಾಗಿದೆ. ಪೂಜೆಯ ನೆಮ್ಮದಿಯು ಒಬ್ಬನಿಗೆ, ಅದರ ಭಾರವು ಇನ್ನೊಬ್ಬಳಿಗೆ ಎಂಬ ಹಂಚಿಕೆಯು ಶರಣರ ದಾಂಪತ್ಯಕ್ಕೆ ಒಪ್ಪುವುದಿಲ್ಲ. ಅವರಲ್ಲಿ ಹೆಣ್ಣಿಗೂ ಗಂಡಿಗೂ ಲಿಂಗವೊಂದೇ, ಪೂಜೆಯ ಅಧಿಕಾರವೂ ಒಂದೇ. ಈ ಕಾಲದಲ್ಲಿ ಅನೇಕ ತಾಯಂದಿರು ಕಚೇರಿಗೂ ಶಾಲೆಗೂ ಹೊಲಕ್ಕೂ ದುಡಿಮೆಗೆ ಹೋಗಿ ಬಂದು ಮನೆಯ ಕೆಲಸವನ್ನೂ ಹೊರುತ್ತಾರೆ. ಗಂಡನಾದವನು ತನ್ನ ಪೂಜೆಯನ್ನು ಮುಗಿಸಿಕೊಂಡು, ಕೂಸನ್ನು ತಾನೆತ್ತಿಕೊಂಡು, ಅವಳನ್ನು ಅರ್ಧ ಗಂಟೆ ಪೂಜೆಗೆ ಕೂರಿಸಲಿ. ಗಂಡಸರಿಗೆ ಕೂಸನ್ನು ಸಂಬಾಳಿಸಲು ಬಾರದೆಂಬ ಮಾತು ಸಲ್ಲದು. ಅವಳಿಗೂ ಮೊದಲ ದಿನ ಬರುತ್ತಿರಲಿಲ್ಲ. ಮಾಡಿ ಮಾಡಿ ಕಲಿತಳು. ಆ ಅರ್ಧ ಗಂಟೆಯಲ್ಲಿ ಕೂಸು ಅತ್ತರೂ ಅಳಲಿ, ಅವನ ಅಂಗಿಯ ಮೇಲೆ ಉಚ್ಚೆ ಹೊಯ್ದರೂ ಹೊಯ್ಯಲಿ. ಅಂದಿನ ದಿನ ಆ ಮನೆಯಲ್ಲಿ ನಡೆದ ಪೂಜೆಗಳಲ್ಲಿ ಅದೂ ಒಂದೆಂದು ತಿಳಿಯಬೇಕು.

ಸೇವೆಗೂ ಒಂದು ಮಿತಿಯಿರಬೇಕೆಂಬುದನ್ನು ಆಯ್ದಕ್ಕಿ ಲಕ್ಕಮ್ಮನವರು ತೋರಿಸಿಕೊಟ್ಟಿದ್ದಾರೆ. ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿಯು ಸಂತೋಷಪಡಲಿಲ್ಲ. ಅಂದಿಗೆ ಬೇಕಾದುದನ್ನು ಉಳಿಸಿಕೊಂಡು ಹೆಚ್ಚಿನದನ್ನು ತಂದಲ್ಲಿಗೇ ಹಾಕಿ ಬರುವಂತೆ ಹೇಳಿದರು. ಮಗುವಿಗೆ ಉಣಿಸುವಾಗ ತಾಯಂದಿರು ಈ ಪ್ರಸಂಗವನ್ನು ನೆನೆಯಬಹುದು. 6 ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲೊಂದೇ ಸಾಕೆಂದೂ, ಆಮೇಲೆ ರಾಗಿಯ ಸರಿ, ಬೇಳೆಯೊಡನೆ ಮಿದಿದ ಅನ್ನ, ಬೇಯಿಸಿದ ಕಾಯಿಪಲ್ಯ ಮುಂತಾದವನ್ನು ರೂಢಿಸುತ್ತ 2 ವರ್ಷದವರೆಗೂ ಅದಕ್ಕೆ ಮೇಲೂ ಹಾಲೂಡಿಸಬಹುದೆಂದೂ ವೈದ್ಯರು ಹೇಳುತ್ತಾರೆ. ಹುಟ್ಟಿದ ಕೂಸಿನ ನಾಲಗೆಗೆ ಜೇನುತುಪ್ಪ ಸವರುವ ಪದ್ಧತಿಯು ಕೆಲವು ಮನೆಗಳಲ್ಲಿದೆ. ಜೇನಿನಲ್ಲಿರಬಹುದಾದ ಒಂದು ಬಗೆಯ ರೋಗಾಣುವು ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗುವುದರಿಂದ 12 ತಿಂಗಳು ತುಂಬುವವರೆಗೆ ಅದನ್ನು ಕೊಡಲಾಗದು. ವರ್ಷ ತುಂಬಿದ ಮಗುವಿನ ಬೆಳವಣಿಗೆಯ ವೇಗವು ಮೊದಲಿಗಿಂತ ತಗ್ಗುತ್ತದೆ, ಹಸಿವೂ ಅದಕ್ಕೆ ತಕ್ಕಂತೆ ತಗ್ಗುತ್ತದೆ. ಆಗ ಮಗುವು ಮುಖ ತಿರುಗಿಸಿದರೂ ಕೈಕಾಲು ಹಿಡಿದು ಇನ್ನೊಂದು ತುತ್ತನ್ನು ತುರುಕುವುದು ಪ್ರೀತಿಯೆನಿಸಿಕೊಳ್ಳುತ್ತದೆ. ಅದು ಪ್ರೀತಿಯ ವೇಷ ತೊಟ್ಟ ಆಸೆ. ಸಾಕೆಂಬ ಭಾವವನ್ನು ಮಗುವು ಹುಟ್ಟಿನಿಂದಲೇ ತಂದಿರುತ್ತದೆ. ಅದನ್ನು ಕೆಡಿಸದಿರುವುದೇ ತಾಯ್ತಂದೆಗಳು ಮಾಡಬೇಕಾದ ಉಪಕಾರ.

ನುಡಿಯೊಂದು ನಡೆಯೊಂದು ಆಗಬಾರದೆಂದು ಶರಣರು ಎಚ್ಚರಿಸಿದರು. ಈ ಎಚ್ಚರಿಕೆಯು ಮಗುವಿನ ಮುಂದೆ ಇರಬೇಕಾದಷ್ಟು ಇನ್ನೆಲ್ಲಿಯೂ ಇರಬೇಕಾಗಿಲ್ಲ. ತಪ್ಪುಹೆಜ್ಜೆಯಿಡುವ ಮಗುವು ಎಡವಿ ಬಿದ್ದೊಡನೆ ನೆಲಕ್ಕೆ ಎರಡೇಟು ಹೊಡೆದು, ನೆಲವೇ ಕೆಟ್ಟದ್ದೆಂದು ಸಮಾಧಾನ ಹೇಳುವುದು ಮನೆಮನೆಯ ರೂಢಿ. ಅದರಿಂದ ಅಳುವೇನೋ ನಿಲ್ಲುತ್ತದೆ. ಆದರೆ ತನ್ನ ನೋವಿಗೆ ಇನ್ನಾರನ್ನೋ ದೂರಬೇಕು, ದೂರಿದವರನ್ನು ಹೊಡೆಯಬೇಕು ಎಂಬ ಮೊದಲ ಪಾಠವೂ ಅಲ್ಲಿಯೇ ಆಗುತ್ತದೆ. ಉಣ್ಣದ ಮಗುವಿಗೆ ಗುಮ್ಮನ ಹೆಸರು ಹೇಳುವವರು ಒಂದೇ ತುತ್ತಿನೊಡನೆ ಸುಳ್ಳನ್ನೂ ಭಯವನ್ನೂ ಉಣಿಸುತ್ತಾರೆ. ಈಗ ಗುಮ್ಮನ ಕೆಲಸವನ್ನು ಮೊಬೈಲು ವಹಿಸಿಕೊಂಡಿದೆ. ಅದನ್ನು ಮುಂದೆ ಹಿಡಿದರೆ ಮಗುವು ಅಳುವುದಿಲ್ಲ, ಓಡುವುದಿಲ್ಲ, ತಾನೇನು ಉಣ್ಣುತ್ತಿರುವೆನೆಂಬುದನ್ನೂ ಅರಿಯುವುದಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೊರಡಿಸಿದ ಸೂಚನೆಗಳ ಪ್ರಕಾರ 2 ವರ್ಷದೊಳಗಿನ ಮಗುವಿಗೆ ಇಂತಹ ಪರದೆಯ ಆಟಗಳನ್ನು ತೋರಿಸುವುದು ತಕ್ಕುದಲ್ಲ. 2 ವರ್ಷವಾದ ಮೇಲೂ ದಿನಕ್ಕೆ 1 ಗಂಟೆಯನ್ನು ಮೀರಲಾಗದು. ಮಗುವಿಗೆ ಮಾತು ಬರುವುದು ಮುಖವನ್ನು ನೋಡಿ ಮಾತನಾಡುವವರಿಂದ. ತಂದೆಯು ಕೈಜೋಡಿಸಿದರೆ ಅದೂ ಕೈಜೋಡಿಸುತ್ತದೆ. ತಾಯಿಯು ಹಣೆಗೆ ವಿಭೂತಿಯಿಟ್ಟುಕೊಂಡರೆ ಅದೂ ಮೂಗಿನ ತುಂಬ ಬಳಿದುಕೊಳ್ಳುತ್ತದೆ. ಬಾಗಿಲಿಗೆ ಬಂದವರನ್ನು ಗದರಿದರೆ ಅದನ್ನೂ ಕಲಿಯುತ್ತದೆ. ಕಲಿಸುತ್ತಿರುವೆವೆಂದು ಹಿರಿಯರು ತಿಳಿಯದ ಹೊತ್ತಿನಲ್ಲಿಯೇ ಅದರ ಕಲಿಕೆಯು ಹೆಚ್ಚು.

ಮಗುವು ಯಾವಾಗ ನಡೆಯುವುದೆಂಬ ಆತುರವೂ ಮನೆಯ ನೆಮ್ಮದಿಯನ್ನು ಕೆಡಿಸುತ್ತದೆ. ನೆರೆಮನೆಯ ಮಗುವು 10 ತಿಂಗಳಿಗೇ ನಡೆಯಿತೆಂಬ ಮಾತನ್ನು ಕೇಳಿ ಕಣ್ಣೀರಿಟ್ಟ ತಾಯಂದಿರುಂಟು. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿ 5 ದೇಶಗಳ ಮಕ್ಕಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯಂತೆ, ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯುವ ಕಾಲವು ಸುಮಾರು 8 ತಿಂಗಳಿನಿಂದ 18 ತಿಂಗಳಿನವರೆಗೆ ಹರಡಿದೆ. ಕೆಲವು ಮಕ್ಕಳು ಅಂಬೆಗಾಲಿಡದೆಯೇ ಎದ್ದು ನಿಲ್ಲುವುದೂ ಉಂಟು. 18 ತಿಂಗಳು ಕಳೆದರೂ ಮಗುವು ನಡೆಯದಿದ್ದರೆ ವೈದ್ಯರಿಗೆ ತೋರಿಸಬೇಕು. ಅದಕ್ಕೆ ಮೊದಲು ಹೋಲಿಕೆಯ ಮಾತು ಬೇಡ. ಒಂದೇ ಬಳ್ಳಿಯ ಹೂಗಳೂ ಒಂದೇ ದಿನ ಅರಳುವುದಿಲ್ಲ.

ನಡೆಯಲು ಕಲಿಯುವ ಮಗುವಿನಿಂದ ಸಾಧಕರು ಕಲಿಯಬೇಕಾದುದೂ ಇದೆ. ನ್ಯೂಯಾರ್ಕಿನ ವಿದ್ವಾಂಸರು 12ರಿಂದ 19 ತಿಂಗಳಿನ ಮಕ್ಕಳ ನಡಿಗೆಯನ್ನು ಎಣಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕವು ಹೀಗಿದೆ: ಅಂತಹ ಮಗುವು ಸರಾಸರಿ ಒಂದು ಗಂಟೆಯಲ್ಲಿ 2368 ಹೆಜ್ಜೆಗಳನ್ನಿಡುತ್ತದೆ, 17 ಸಲ ಬೀಳುತ್ತದೆ. ಬಿದ್ದುದಕ್ಕೆ ಅದು ನಾಚುವುದಿಲ್ಲ. ಕಂಡವರು ಏನೆಂದಾರೆಂದು ಎಣಿಸುವುದಿಲ್ಲ. ನಾಳೆ ನೋಡೋಣವೆಂದು ಮುಂದೂಡುವುದಿಲ್ಲ. ಬಿದ್ದಲ್ಲಿಂದಲೇ ಏಳುತ್ತದೆ. ದೊಡ್ಡವರಾದರೋ ಒಂದು ದಿನ ನೇಮ ತಪ್ಪಿದರೆ ತಿಂಗಳುಗಟ್ಟಲೆ ಪೂಜೆಯ ಮಣೆಯನ್ನು ಗೋಡೆಗೆ ಒರಗಿಸಿಬಿಡುತ್ತಾರೆ. ಎರಡು ದಿನ ಪೂಜೆ ತಪ್ಪಿತೆಂದು ಕೊರಗುವ ತಾಯಿಯು ತನ್ನ ಮಗುವನ್ನೇ ನೋಡಲಿ. ಮೂರನೆಯ ದಿನ ಹೊತ್ತು ಸಿಕ್ಕಾಗ ಮತ್ತೆ ಕುಳಿತುಕೊಳ್ಳಲಿ. ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ಬಿದ್ದ ಮಗುವು ಅಳುವುದಕ್ಕೆ ಮೊದಲು ಒಂದು ಕ್ಷಣ ತಾಯಿಯ ಮುಖವನ್ನು ನೋಡುತ್ತದೆ. ಅವಳು ಗಾಬರಿಗೊಂಡರೆ ಅಳುತ್ತದೆ. ನಕ್ಕು ಕೈನೀಡಿದರೆ ಎದ್ದು ಬರುತ್ತದೆ. ಮಗುವಿಗೆ ಜಗತ್ತು ಭಯದ್ದೋ ಭರವಸೆಯದ್ದೋ ಎಂಬುದನ್ನು ಮೊದಲು ತಿಳಿಸುವ ಗ್ರಂಥವು ತಾಯ್ತಂದೆಗಳ ಮುಖವೇ ಆಗಿದೆ.

ವೀರಶೈವರ ಮನೆಗಳಲ್ಲಿ ಕೂಸಿಗೆ ಗುರುವಿನಿಂದ ಲಿಂಗಧಾರಣೆ ಮಾಡಿಸುವ ಸಂಪ್ರದಾಯವುಂಟು. ಕೂಸು ಅದನ್ನು ಕಾಪಾಡಿಕೊಳ್ಳಲಾರದ ಕಾಲದಲ್ಲಿ ತಾಯಿಯೇ ತನ್ನ ಲಿಂಗದೊಡನೆ ಅದನ್ನೂ ಧರಿಸುವುದು ಹಲವು ಮನೆಗಳ ನಡೆ. ಆ ಎರಡನೆಯ ಲಿಂಗವು ಅವಳ ಕೊರಳಿನಲ್ಲಿದ್ದರೂ ಅವಳದಲ್ಲ. ಅವಳು ಅದನ್ನು ಕಾಯುವವಳು. ತಕ್ಕ ಕಾಲ ಬಂದಾಗ ಮಗುವಿಗೆ ಒಪ್ಪಿಸಬೇಕಾದವಳು. ಮಗುವಿನ ವಿಷಯವೂ ಹೀಗೆಯೇ. ತೊಟ್ಟಿಲಿನಲ್ಲಿದ್ದಾಗ ಎರಡು ಕೈಗಳಿಂದ ಎತ್ತಿಕೊಂಡ ಕೂಸು, ಎದ್ದು ನಿಂತಾಗ ಎರಡು ಬೆರಳುಗಳನ್ನು ಹಿಡಿಯುತ್ತದೆ. ಆಮೇಲೆ ಒಂದು ಬೆರಳು. ಆಮೇಲೆ ಅದನ್ನೂ ಬಿಟ್ಟು ಹೊಸ್ತಿಲಿನ ಕಡೆಗೆ ನಡೆಯುತ್ತದೆ. ಬೆರಳನ್ನು ಬಿಟ್ಟುದಕ್ಕೆ ತಾಯ್ತಂದೆಗಳ ಎದೆ ಒಂದಿಷ್ಟು ನೊಂದರೂ ನೋಯಲಿ. ಹಿಡಿಯಬೇಕಾದಾಗ ಹಿಡಿದು, ಬಿಡಬೇಕಾದಾಗ ಬಿಟ್ಟು, ಬಿಟ್ಟ ಮೇಲೂ ಕಣ್ಣಿಟ್ಟು ಹಿಂದೆ ನಡೆಯುವುದು ಈ ಕಾಯಕದ ಪೂರ್ಣತೆ. ಅದನ್ನು ಸತಿಪತಿಗಳಿಬ್ಬರೂ ಸಮನಾಗಿ ಹೊತ್ತು ನಡೆಸಿದ ಮನೆಯಲ್ಲಿ ಪೂಜೆಯು ಒಂದು ದಿನವೂ ನಿಂತಿರುವುದಿಲ್ಲ. ಅಂತಹ ಮನೆಗಳ ಮೇಲೆ ಪರಶಿವನ ಕೃಪೆಯಿರಲಿ.