ಅಡುಗೆಮನೆಯ ಪ್ರಯೋಗ ಮತ್ತು ಶ್ರದ್ಧೆ

ಒನಿಗಿರಿ ಎಂಬ ಜಪಾನಿನ ಅನ್ನದ ಉಂಡೆಗೆ ಬೇಕಾಗುವುದು ಬಹಳ ಕಡಿಮೆ: ಬೆಂದಾಗ ಒಂದಕ್ಕೊಂದು ಅಂಟುವ ಗಿಡ್ಡ ಕಾಳಿನ ಅಕ್ಕಿ, ಉಪ್ಪು, ಒದ್ದೆ ಮಾಡಿದ ಅಂಗೈ, ಒಳಗಿಡಲು ಉಪ್ಪಿನಲ್ಲಿ ಹಾಕಿಟ್ಟ ಹುಳಿ ಹಣ್ಣಾದ ಉಮೆಬೋಶಿ, ಮೇಲೆ ಸುತ್ತಲು ನೋರಿ ಎಂಬ ಕಡಲಪಾಚಿಯ ಹಾಳೆ. ಹಬೆಯಲ್ಲಿ ಬೇಯುವ ಮುಶಿಪಾನ್ ಎಂಬ ಕೇಕೂ ಸರಳವೇ. ಇವನ್ನು ಮನೆಯಲ್ಲಿ ಮಾಡುವವರು ಸದಾ ಏನಾದರೊಂದನ್ನು ಬದಲಿಸುತ್ತಿರುತ್ತಾರೆ. ಉಮೆಬೋಶಿಯ ಜಾಗಕ್ಕೆ ಮೀನು ಬರುತ್ತದೆ, ಮೈದಾದ ಜಾಗಕ್ಕೆ ಅಕ್ಕಿಹಿಟ್ಟು, ಬಿಳಿ ಸಕ್ಕರೆಯ ಜಾಗಕ್ಕೆ ಓಕಿನಾವಾದ ಕಪ್ಪು ಸಕ್ಕರೆ. ನಾವು ಇದನ್ನೆಲ್ಲ ನಾಲಿಗೆಯ ಚಪಲಕ್ಕೆ ಬಿಟ್ಟು ಸುಮ್ಮನಾಗುತ್ತೇವೆ. ಆದರೆ ಅನ್ನವನ್ನೇ ದೇವರಿಗೆ ಅರ್ಪಿಸುವ ನಾಡಿನಲ್ಲಿ ಅಡುಗೆಯ ಕ್ರಮವನ್ನು ಬದಲಿಸುವುದು ಧರ್ಮದ ಪ್ರಶ್ನೆಯೂ ಹೌದು. ಬದಲಿಸುವ ಕೈ ಶ್ರದ್ಧೆಯಿಂದ ದೂರ ಸರಿಯುತ್ತದೆಯೇ? ಇಲ್ಲ, ಪ್ರಯೋಗವೂ ಶ್ರದ್ಧೆಯ ಒಂದು ರೂಪವಾಗಬಲ್ಲದು ಎಂಬುದು ನನ್ನ ವಾದ.

ಈ ವಾದಕ್ಕೆ ದೊಡ್ಡ ಆಧಾರ ಜಪಾನಿನ ಜೆನ್ ಬೌದ್ಧ ಗುರು ಡೋಗೆನ್. 1223ರಲ್ಲಿ ಧರ್ಮವನ್ನು ಅರಸಿ ಚೀನಾಕ್ಕೆ ಹೋದ ಈ ತರುಣ ಭಿಕ್ಷುವಿಗೆ ಬಂದರಿನಲ್ಲಿ, ಇನ್ನೂ ಹಡಗಿನಲ್ಲಿದ್ದಾಗಲೇ, ಒಂದು ಮಠದ ಮುದಿ ಅಡುಗೆಯವನು ಎದುರಾದ. ಅವನು ದೂರದಿಂದ ನಡೆದು ಸಾಮಾನು ಕೊಳ್ಳಲು ಬಂದವನು. ಈ ವಯಸ್ಸಿನಲ್ಲಿ ಧ್ಯಾನ, ಅಧ್ಯಯನ ಬಿಟ್ಟು ಒಲೆಯ ಮುಂದೆ ಏಕೆ ದಣಿಯುತ್ತೀರಿ ಎಂದು ಡೋಗೆನ್ ಕೇಳಿದ. ಸಾಧನೆ ಎಂದರೇನೆಂಬುದೇ ನಿನಗಿನ್ನೂ ತಿಳಿದಿಲ್ಲ ಎಂದು ಮುದುಕ ನಕ್ಕುಬಿಟ್ಟ. ಆ ಮಾತು ಡೋಗೆನ್‌ನ ಮನಸ್ಸಿನಲ್ಲಿ ನಾಟಿತು. 1237ರಲ್ಲಿ ಅವನು ಮಠದ ಅಡುಗೆಯವನಿಗಾಗಿಯೇ ‘ತೆಂಜೋ ಕ್ಯೋಕುನ್’ ಎಂಬ ಗ್ರಂಥ ಬರೆದ. ಅಕ್ಕಿಯನ್ನು ಸ್ವತಃ ತೊಳೆಯಬೇಕು, ಕಲ್ಲು ಆರಿಸುವಾಗ ಅಕ್ಕಿಯ ಮೇಲೂ ಕಣ್ಣಿರಬೇಕು, ತೊಳೆದ ನೀರನ್ನೂ ಸುಮ್ಮನೆ ಚೆಲ್ಲಬಾರದು, ಒರಟು ಸೊಪ್ಪು ಸಿಕ್ಕಿತೆಂದು ಮುಖ ಸಿಂಡರಿಸಬಾರದು, ಉಣ್ಣುವವರೆಷ್ಟು ಜನ ಎಂದು ಸರಿಯಾಗಿ ಎಣಿಸಬೇಕು ಎಂದೆಲ್ಲ ಅಲ್ಲಿ ಹೇಳಿದ್ದಾನೆ. ಊಟ ಬಡಿಸಲು ಕಳಿಸುವ ಮುನ್ನ ಅಡುಗೆಯವನು ಧೂಪ ಹಚ್ಚಿ, ಭಿಕ್ಷುಗಳ ಧ್ಯಾನಮಂದಿರದತ್ತ ಒಂಬತ್ತು ಸಲ ನಮಸ್ಕರಿಸಬೇಕು. ಇಷ್ಟೆಲ್ಲ ಹೇಳುವ ಈ ಗ್ರಂಥ ಯಾವ ಖಾದ್ಯವನ್ನೂ ಮಾಡುವ ವಿಧಾನ ಹೇಳಿಕೊಡುವುದಿಲ್ಲ. ಏನು ಬೇಯಿಸಬೇಕೆಂಬುದನ್ನು ಕೈಲಿರುವ ದವಸ ನೋಡಿ, ಮಠದ ಇತರ ಅಧಿಕಾರಿಗಳೊಡನೆ ಮಾತಾಡಿ ನಿರ್ಧರಿಸಬೇಕು. ಡೋಗೆನ್ ಕಟ್ಟುನಿಟ್ಟಾಗಿ ವಿಧಿಸಿದ್ದು ಗಮನವನ್ನು. ಪದಾರ್ಥವನ್ನು ವಿಧಿಸಲಿಲ್ಲ.

ಪ್ರಯೋಗ ಮಾಡುವವರಿಂದ ಪದಾರ್ಥಗಳು ಬೇಡುವುದೂ ಈ ಗಮನವನ್ನೇ. ಅನ್ನ ಆರಿದರೆ ಉಂಡೆ ಕೂಡುವುದಿಲ್ಲ, ತೀರಾ ಬಿಸಿಯಿದ್ದರೆ ಕೈ ಸುಡುತ್ತದೆ. ಬಿಗಿಯಾಗಿ ಅದುಮಿದರೆ ಮುದ್ದೆ, ಸಡಿಲ ಬಿಟ್ಟರೆ ಪುಡಿ. ನಮ್ಮ ಸೋನಾ ಮಸೂರಿಯಲ್ಲಿ ಕಟ್ಟಲು ಹೊರಟವರಿಗೆ ಅಕ್ಕಿಯೇ ಅಡ್ಡಿ ಹೇಳುತ್ತದೆ, ಏಕೆಂದರೆ ಅದರ ಅನ್ನ ಉದುರುದುರು. ಮುಶಿಪಾನ್ ಹಿಟ್ಟನ್ನು ಹೆಚ್ಚು ಹೊತ್ತು ಕಲಸಿದರೆ ಗೋಧಿಯ ಜಿಗುಟು ಬಲಿತು ಕೇಕು ಗಟ್ಟಿಯಾಗುತ್ತದೆ. ಮುಚ್ಚಳಕ್ಕೆ ಬಟ್ಟೆ ಕಟ್ಟದಿದ್ದರೆ ಹಬೆಯ ಹನಿ ಬಿದ್ದು ಮೇಲ್ಮೈ ಹಾಳು. ಇಲ್ಲಿ ‘ನನ್ನ ಇಷ್ಟ’ ಎಂಬುದು ನಡೆಯುವುದಿಲ್ಲ. ಪದಾರ್ಥದ ಗುಣಕ್ಕೆ ತಲೆಬಾಗಿ, ತನ್ನ ಹಟವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಹೋಗಬೇಕು. ಅಹಂಕಾರವನ್ನು ಕರಗಿಸುವುದೇ ಸಾಧನೆಯಾದರೆ, ಇದನ್ನು ಅದರಿಂದ ಹೊರಗಿಡಲು ಕಾರಣ ನನಗೆ ಕಾಣುವುದಿಲ್ಲ.

ಜಪಾನಿನ ಇಸೆಯ ಶಿಂತೋ ದೇಗುಲವನ್ನು ತೋರಿಸಿ ಆಕ್ಷೇಪಿಸುವವರಿದ್ದಾರೆ. ಅಲ್ಲಿ ದಿನಕ್ಕೆರಡು ಸಲ ದೇವತೆಗೆ ನೈವೇದ್ಯ. ಮರಕ್ಕೆ ಮರ ಮಥಿಸಿ ಹುಟ್ಟಿಸಿದ ಬೆಂಕಿಯಲ್ಲೇ ಅದು ಬೇಯಬೇಕು. ಅನ್ನ, ಉಪ್ಪು, ನೀರಿನ ಆ ಕ್ರಮ ಶತಮಾನಗಳಿಂದ ನಡೆದುಬಂದಿದೆ. ಬದಲಿಸದಿರುವುದೇ ಅಲ್ಲಿನ ಭಕ್ತಿ. ಅದರ ಹಿರಿಮೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದೊಂದೇ ದಾರಿಯಲ್ಲ ಎಂಬುದಕ್ಕೆ ನಾರಾ ನಗರದಲ್ಲಿ ಸಾಕ್ಷಿಯಿದೆ. 1349ರಲ್ಲಿ ಜೆನ್ ಭಿಕ್ಷುವೊಬ್ಬನ ಜೊತೆ ಚೀನಾದಿಂದ ಬಂದ ರಿನ್ ಜೋಯಿನ್, ತನ್ನ ನಾಡಿನ ಮಾಂಸದ ಹೂರಣದ ಕಡುಬನ್ನು ಭಿಕ್ಷುಗಳು ತಿನ್ನುವಂತಿಲ್ಲವೆಂದು, ಅಜುಕಿ ಕಾಳಿನ ಸಿಹಿ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದನೆಂದು ಪರಂಪರೆ ಹೇಳುತ್ತದೆ. ಜಪಾನಿನ ಮಾಂಜೂ ಹುಟ್ಟಿದ್ದು ಹೀಗೆ ಎಂಬ ನಂಬಿಕೆಯಿದೆ. ನಾರಾದ ಕಾಂಗೋ ದೇಗುಲದ ಆವರಣದಲ್ಲಿ ಅವನಿಗೊಂದು ಗುಡಿಯಿದೆ. ಪ್ರತಿ ಏಪ್ರಿಲ್ 19ರಂದು ಅವನಿಗೆ ಮಾಂಜೂ ಅರ್ಪಿಸಿ ಉತ್ಸವ ನಡೆಸುತ್ತಾರೆ. ಹೂರಣ ಬದಲಿಸಿದವನನ್ನು ಪರಂಪರೆ ಹೊರಗೆ ಹಾಕಲಿಲ್ಲ, ಪೂಜಿಸಿತು. ಅವನು ಬದಲಿಸಿದ್ದು ಉಣ್ಣುವವರ ವ್ರತ ಕೆಡದಿರಲೆಂದು.

ಹಾಗಾದರೆ ಯಾವ ಬದಲಾವಣೆಯೂ ಶ್ರದ್ಧೆಯೇ? ಖಂಡಿತ ಅಲ್ಲ. ಉಣ್ಣುವವರನ್ನು ಮರೆತು ಬೆರಗು ಹುಟ್ಟಿಸಲೆಂದೇ ಮಾಡಿದ ಬದಲಾವಣೆ ಪ್ರದರ್ಶನವಾಗಿ ಉಳಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಜಪಾನಿನ ಆವೊಮೊರಿಯ ಸಾತೋ ಹತ್ಸುಮೆ (1921–2016) ಇವಾಕಿ ಬೆಟ್ಟದ ತಪ್ಪಲಿನ ಮನೆಯಲ್ಲಿ, ಬದುಕಿನಲ್ಲಿ ನೊಂದು ಬಂದವರಿಗೆ ಒನಿಗಿರಿ ಕಟ್ಟಿಕೊಡುತ್ತಿದ್ದರು. ಕ್ಯಾಥೊಲಿಕ್ ಕ್ರೈಸ್ತರಾಗಿದ್ದ ಅವರು ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತದೆ ಬಟ್ಟೆಯಲ್ಲಿ ಸುತ್ತುತ್ತಿದ್ದರು, ಅನ್ನದ ಅಗುಳು ಬೆವತು ಕೆಡಬಾರದೆಂದು. ಮತ ಯಾವುದಾದರೂ ಗಮನ ಅದೇ.

ಇದಕ್ಕಿಂತ ತೀಕ್ಷ್ಣವಾದ ಆಕ್ಷೇಪವೊಂದಿದೆ. ಡೋಗೆನ್‌ನ ಅಡುಗೆಯವನು ಮಠದ ಹಿರಿಯ ಅಧಿಕಾರಿಗಳಲ್ಲೊಬ್ಬ. ಅವನಿಗೆ ಸಹಾಯಕರಿದ್ದರು, ಮಾನವಿತ್ತು. ಬೆಳಗಾಗುವ ಮುನ್ನ ಎದ್ದು ಮಕ್ಕಳ ಬುತ್ತಿ ಕಟ್ಟುವ ತಾಯಿಗೆ ಅದಾವುದೂ ಇಲ್ಲ. ಅವಳ ದುಡಿಮೆಯನ್ನು ‘ಸಾಧನೆ’ ಎಂದು ಹೊಗಳುವುದು ಅವಳನ್ನು ಒಲೆಗೆ ಕಟ್ಟಿಹಾಕುವ ಉಪಾಯವಾಗದೇ? ಆಗಬಹುದು, ಅನೇಕ ಮನೆಗಳಲ್ಲಿ ಆಗಿಯೂ ಇದೆ. ಇದಕ್ಕೆ ಉತ್ತರ ಡೋಗೆನ್‌ನ ಬರಹದಲ್ಲೇ ಇದೆ. ಅಡುಗೆ ಸಾಧನೆಯಾದದ್ದು ಇಡೀ ಮಠ ಅದನ್ನು ಹಾಗೆಂದು ಗುರುತಿಸಿ, ಅದಕ್ಕೆ ಪದವಿ ಕೊಟ್ಟು, ಕೈಜೋಡಿಸಲು ಜನರನ್ನು ಕೊಟ್ಟಾಗ. ಅದು ಗಂಡಸರು ಮಾಡುತ್ತಿದ್ದ ಕೆಲಸ ಎಂಬುದನ್ನೂ ಮರೆಯಬಾರದು. ಆದ್ದರಿಂದ ಅಕ್ಕಿ ತೊಳೆಯಲು ಒಬ್ಬಳೇ ನಿಲ್ಲುವ, ಉಳಿದವರು ಬರೀ ಉಣ್ಣಲು ಕೂರುವ ಮನೆಗೆ ಡೋಗೆನ್‌ನ ಹೆಸರೆತ್ತುವ ಹಕ್ಕಿಲ್ಲ.