ಹಿನ್ನೆಲೆಯ ಹೊಲಿಗೆ

ಮನುಷ್ಯನು ತನ್ನ ಶ್ರಮದಲ್ಲಿ ಕಣ್ಣಿಗೆ ಬೀಳುವ ಭಾಗಕ್ಕೆ ಎಷ್ಟನ್ನು, ಬೀಳದ ಭಾಗಕ್ಕೆ ಎಷ್ಟನ್ನು ಸಲ್ಲಿಸಬೇಕು? ಈ ಹಳೆಯ ಪ್ರಶ್ನೆಗೆ ಉತ್ತರವನ್ನು ಶಾಸ್ತ್ರಗ್ರಂಥಗಳಲ್ಲಿಯೇ ಅರಸಬೇಕಾಗಿಲ್ಲ. ಒಂದು ಕೌದಿಯೂ ಅದನ್ನು ಹೇಳಬಲ್ಲುದು.

ತ್ಯಾಗರಾಜನಗರದ ಗೃಹಿಣಿಯೊಬ್ಬಳು ಗೋಡೆಗೆ ತೂಗುಹಾಕುವ ಚಿತ್ರಕೌದಿಯೊಂದನ್ನು ಹೊಲಿಯುತ್ತಿರುವಳೆಂದು ಭಾವಿಸಬಹುದು. ನಡುವೆ ಲಾಲ್‌ಬಾಗಿನ ಕೆರೆಯ ನೆನಪು ತರುವ ಮಿಂಚುಳ್ಳಿ, ಸುತ್ತಲೂ ನೀರು. ಹಕ್ಕಿಯನ್ನು ಕತ್ತರಿಸಿ ಮೇಲುಬಟ್ಟೆಗೆ ಕೂಡಿಸುವುದು ಎರಡು ದಿನದ ಕೆಲಸವಾದರೆ, ನೀರನ್ನು ಹೊಲಿದು ತುಂಬುವುದು ಎರಡು ವಾರದ ಕೆಲಸ. ನೋಡಬಂದವರು ಹೊಗಳುವುದು ಹಕ್ಕಿಯನ್ನು. ಹಾಗಾದರೆ ಆ ಎರಡು ವಾರ ವ್ಯರ್ಥವಾದವೆ?

ಬಟ್ಟೆಯೇ ಇದಕ್ಕೆ ಸಾಕ್ಷಿ ನುಡಿಯುವುದು. ಮೇಲುಬಟ್ಟೆ, ನಡುವಣ ಹತ್ತಿ, ಅಡಿಬಟ್ಟೆ ಈ ಮೂರನ್ನೂ ಒತ್ತಾಗಿ ಹೊಲಿದೆಡೆ ನೆಲ ತಗ್ಗುವುದು; ಹೊಲಿಯದೆ ಬಿಟ್ಟೆಡೆ ಉಬ್ಬುವುದು. ನೀರು ತಗ್ಗಿದುದರಿಂದಲೇ ಹಕ್ಕಿ ಎದ್ದು ತೋರುವುದು.

ಆ ಹೊಲಿಗೆಯ ಕ್ರಮವೂ ವಿಚಾರಾರ್ಹವಾದುದು. ಸಾಮಾನ್ಯವಾಗಿ ಯಂತ್ರದ ಹಲ್ಲುಗಳು ಬಟ್ಟೆಯನ್ನು ಸಮವಾಗಿ ಎಳೆದೊಯ್ಯುವುವು. ಇಲ್ಲಿ ಹಲ್ಲುಗಳನ್ನು ತಗ್ಗಿಸಿ, ಬಟ್ಟೆಯನ್ನು ಕೈಯಿಂದ ಬೇಕಾದತ್ತ ತಿರುಗಿಸುವರು. ಕೈ ತ್ವರೆಮಾಡಿದರೆ ಹೊಲಿಗೆ ನೀಳವಾಗುವುದು, ತಡೆದರೆ ಗಂಟುಗಟ್ಟುವುದು. ಯಂತ್ರದ ಕಟ್ಟು ಸಡಿಲಿದಷ್ಟೂ ಕೈಯ ಹೊಣೆ ಹೆಚ್ಚಿತು. ಸ್ವಾತಂತ್ರ್ಯದಲ್ಲಿ ನಿಯಮವು ಅಳಿಯುವುದಿಲ್ಲ. ಹೊರಗಿದ್ದುದು ಒಳಕ್ಕೆ ಬಂದು ನೆಲಸುವುದು. ಹಿನ್ನೆಲೆಯು ಚಾತುರ್ಯವನ್ನು ಮೆರೆಯಹೊರಟರೆ ಹಕ್ಕಿ ಅದರಲ್ಲಿ ಮುಳುಗೀತು. ಒಂದೆಡೆ ಒತ್ತಾಗಿ ಒಂದೆಡೆ ವಿರಳವಾಗಿ ಹೊಲಿದರೆ ಕೌದಿಯೇ ಸೊಟ್ಟಾದೀತು.

ಇಲ್ಲೊಂದು ಆಕ್ಷೇಪವುಂಟು. ಹಿನ್ನೆಲೆಯಾಗಿರೆಂದು ಪರರಿಗೆ ಉಪದೇಶಿಸುವುದು ಸುಲಭ. ಎಷ್ಟೋ ಮನೆಗಳಲ್ಲಿ ಹೆಂಗಸರೂ ಆಳುಕಾಳುಗಳೂ ಕೇಳದೆಯೇ ಹಾಗಾಗಿರುವರು. ತಾನಾಗಿ ತಗ್ಗುವುದು ವಿನಯ, ತಗ್ಗಿಸಲ್ಪಡುವುದು ಅನ್ಯಾಯ. ಇವೆರಡನ್ನು ಒಂದೆಂದೆಣಿಸಲಾಗದು.

ಉತ್ತರಕನ್ನಡದ ಸಿದ್ದಿ ಸ್ತ್ರೀಯರ ಕೌದಿಯಲ್ಲಿ ಈ ತಾರತಮ್ಯವೇ ತೋರದು. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆ ಅವರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಆರಂಭಿಸಿ ನಡುವಿನತ್ತ ಕೈಯಿಂದಲೇ ಹೊಲಿಯುತ್ತ ಬರುವರು. ಮೂಲೆಗಳಿಗೆ ಮಡಿಚಿದ ತುಂಡುಗಳ ಹೂವನ್ನಿಡದೆ ಕೌದಿ ಮುಗಿಯಿತೆಂದು ಎಣಿಸರು. ಅಲ್ಲಿ ಅಂಚಿಗೆ ಮೊದಲ ಗಮನ, ಮೂಲೆಗೆ ಅಲಂಕಾರ.

ಚಿತ್ರಕೌದಿಯಲ್ಲಿ ಅಂತಹ ಸಮತೆ ಸಾಧ್ಯವಿಲ್ಲದಿರಬಹುದು. ಅದನ್ನು ನೋಡುವವನಿಂದ ನ್ಯಾಯವಂತೂ ಸಾಧ್ಯ. ಅವನು ಒಮ್ಮೆ ಕೌದಿಯನ್ನು ಮಗುಚಿ ನೋಡಲಿ. ಹಿಂಬದಿಯಲ್ಲಿ ಹಕ್ಕಿಯ ಬಣ್ಣವಿಲ್ಲ, ಗರಿಯಿಲ್ಲ. ಅದರ ಎಡೆ ಬರಿದಾಗಿದೆ. ಅದರ ಸುತ್ತ ಎರಡು ವಾರದ ನೀರೆಲ್ಲ ಒಂದು ಹೊಲಿಗೆಯೂ ತಪ್ಪದೆ ಇದೆ.