ವೇತನವೂ ಋಣವೂ

ವೇತನವನ್ನು ಕೊಟ್ಟೊಡನೆ ಋಣವು ತೀರುವುದೆ? ಮನುಷ್ಯನು ಋಣಗಳನ್ನು ಹೊತ್ತೇ ಹುಟ್ಟುವನೆಂದು ಧರ್ಮಶಾಸ್ತ್ರಕಾರರು ಹೇಳಿದರು. ಆದರೆ ದೇವಋಣ, ಋಷಿಋಣ, ಪಿತೃಋಣಗಳಲ್ಲಿ ಯಾವುದೂ ಹಣವನ್ನೆಣಿಸಿ ತೀರಿಸತಕ್ಕುದಲ್ಲ. ವ್ಯಕ್ತಿಗೆ ಸಲ್ಲುವ ಈ ವಿಚಾರವು ರಾಷ್ಟ್ರಕ್ಕೂ ಸಲ್ಲುವುದೆಂಬುದಕ್ಕೆ ಬ್ರಿಟನ್ ದೇಶದ ಚರಿತ್ರೆಯಲ್ಲಿ ಒಂದು ನಿದರ್ಶನವುಂಟು.

1948ನೆಯ ಇಸವಿಯ ಜೂನ್ ತಿಂಗಳಲ್ಲಿ 'ಎಂಪೈರ್ ವಿಂಡ್‌ರಷ್' ಎಂಬ ಹಡಗು ಜಮೈಕಾ ಮೊದಲಾದ ಕೆರಿಬಿಯನ್ ದ್ವೀಪಗಳ ನೂರಾರು ಜನರನ್ನು ಲಂಡನ್ನಿಗೆ ಸಮೀಪದ ಟಿಲ್‌ಬರಿ ರೇವಿನಲ್ಲಿ ಇಳಿಸಿತು. ಎರಡು ವಾರಗಳೊಳಗಾಗಿ, ಜುಲೈ 5ರಂದು, ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್ನರ ಪ್ರಯತ್ನದ ಫಲವಾಗಿ ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯು ಆರಂಭವಾಯಿತು. ರೋಗಿಯ ಕೈಯಲ್ಲಿ ಹಣವಿದೆಯೆ ಎಂದು ಕೇಳದೆ, ಅವನಿಗೆ ಚಿಕಿತ್ಸೆ ಬೇಕೆ ಎಂಬುದೊಂದನ್ನೇ ನೋಡಬೇಕೆಂಬುದು ಅದರ ಮೂಲತತ್ತ್ವ. ತತ್ತ್ವವು ಉದಾತ್ತವಾದುದು; ಆದರೆ ಅದನ್ನು ನಡೆಸುವುದಕ್ಕೆ ಆಸ್ಪತ್ರೆಗಳಲ್ಲಿ ಜನ ಸಾಲದಾಯಿತು. ಆದುದರಿಂದ ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್ ಮೊದಲಾದೆಡೆಗಳ ತರುಣಿಯರನ್ನು ಕರೆಸಿಕೊಂಡು ದಾದಿಯರ ಶಿಕ್ಷಣಕ್ಕೆ ಸೇರಿಸಿದರು. ಅಡಿಗೆ, ಒಗೆತ, ಶುಚೀಕರಣದ ಕೆಲಸಗಳಿಗೂ ಆ ದ್ವೀಪಗಳ ಜನರು ಒದಗಿದರು.

ಬಂದವರಿಗೆ ದೊರೆತ ಮರ್ಯಾದೆಯಾದರೋ ಸಮನಾಗಿರಲಿಲ್ಲ. ಮೂರು ವರ್ಷಗಳ ಪೂರ್ಣ ಶಿಕ್ಷಣಕ್ಕೆ ಬದಲಾಗಿ ಅನೇಕರನ್ನು ಎರಡು ವರ್ಷಗಳ ಕೆಳದರ್ಜೆಯ ಶಿಕ್ಷಣಕ್ಕೆ ಸೇರಿಸಿದರು; ಅದರಿಂದ ಮೇಲಿನ ಹುದ್ದೆಗೆ ಏರುವ ದಾರಿ ಇಕ್ಕಟ್ಟಾಯಿತು. ಕಪ್ಪು ಬಣ್ಣದ ಕೈ ತಮ್ಮನ್ನು ಮುಟ್ಟಬಾರದೆಂದ ರೋಗಿಗಳೂ ಇದ್ದರು. ಅಂಥವರ ಗಾಯವನ್ನೂ ಆ ಕೈಗಳೇ ತೊಳೆದುವು. ಇಷ್ಟೆಲ್ಲ ಅಡ್ಡಿಗಳ ನಡುವೆಯೂ ಬ್ರಿಟಿಷ್ ಗಯಾನಾದಿಂದ ಬಂದ ಡ್ಯಾಫ್ನಿ ಸ್ಟೀಲ್ ಅವರು 1964ರಲ್ಲಿ ಯಾರ್ಕ್‌ಷೈರಿನ ಇಲ್ಕ್ಲಿ ಎಂಬ ಊರಿನ ಹೆರಿಗೆ ಆಸ್ಪತ್ರೆಯ ಮೇಟ್ರನ್ ಆದರು. ಆ ಸೇವೆಯಲ್ಲಿ ಆ ಪದವಿಯನ್ನು ಪಡೆದ ಕಪ್ಪು ಜನಾಂಗದವರಲ್ಲಿ ಅವರೇ ಮೊದಲಿಗರು.

'ಅವರು ಹೊಟ್ಟೆಪಾಡಿಗಾಗಿ ಬಂದರು, ಸಂಬಳವನ್ನೂ ಪಡೆದರು, ಇನ್ನಾವ ಋಣ?' ಎಂದು ಕೇಳುವವರುಂಟು. ಸಂಬಳವು ದುಡಿದ ಹೊತ್ತಿಗೆ ಸಲ್ಲುವುದು ನಿಜ. ಆದರೆ ನಡುರಾತ್ರಿಯಲ್ಲಿ ನರಳುವವನ ಬಳಿ ಕುಳಿತು ಆಡಿದ ಸಮಾಧಾನದ ಮಾತಿಗೆ, ಅವಮಾನವನ್ನು ನುಂಗಿ ತೋರಿದ ದಯೆಗೆ ಬೆಲೆ ಕಟ್ಟಿದವರಾರು? ಅವರನ್ನು ಸಾಕಿ ಓದಿಸಿದ ಆ ಬಡ ದ್ವೀಪಗಳು ತಮ್ಮ ಮಕ್ಕಳ ಸೇವೆಯನ್ನು ಕಳೆದುಕೊಂಡುದು ಯಾವ ಲೆಕ್ಕಕ್ಕೆ ಸೇರಿತು?

ಋಣವನ್ನು ಮರೆತುದರ ಫಲವು 2018ರಲ್ಲಿ ಬಯಲಾಯಿತು. 1973ಕ್ಕೆ ಮೊದಲೇ ಅಲ್ಲಿ ನೆಲಸಿದ್ದ ಅನೇಕರನ್ನು, ಕಾಗದಪತ್ರಗಳಿಲ್ಲವೆಂಬ ಕಾರಣದಿಂದ, ಸರಕಾರವು ಪರಕೀಯರಂತೆ ಕಂಡಿತ್ತು. ಅವರಲ್ಲಿ ಕೆಲವರು ಬಂದಿಳಿದುದಕ್ಕೆ ಸಾಕ್ಷಿಯಾಗಿದ್ದ ಹಳೆಯ ಚೀಟಿಗಳನ್ನು 2010ರಲ್ಲಿ ಸರಕಾರವೇ ನಾಶಮಾಡಿದ್ದಿತು. ಕೆಲವರು ಉದ್ಯೋಗವನ್ನು ಕಳೆದುಕೊಂಡರು, ಕೆಲವರು ಗಡೀಪಾರಾದರು, ಕೆಲವರಿಗೆ ಚಿಕಿತ್ಸೆಯೂ ತಪ್ಪಿತು. ಹಣವನ್ನು ಕೇಳೆನೆಂಬ ವ್ರತವನ್ನು ತೊಟ್ಟ ಸಂಸ್ಥೆಯೇ ಕಾಗದವನ್ನು ಕೇಳಿತು. ಅಂದಿನ ಪ್ರಧಾನಮಂತ್ರಿ ಥೆರೇಸಾ ಮೇ ಅವರು ಕ್ಷಮೆ ಯಾಚಿಸಿದರು.

ಆಗ ಅವರ ಪಕ್ಷವನ್ನು ಹಿಡಿದವರು 'ಇವರು ನಮ್ಮ ಆಸ್ಪತ್ರೆಗಳನ್ನು ಕಟ್ಟಿದವರು, ಇವರನ್ನು ಅಟ್ಟಬಾರದು' ಎಂದರು. ಮಾತು ಒಳ್ಳೆಯದೇ, ಆದರೂ ಅದರಲ್ಲಿ ಒಂದು ಅಪಾಯವಿದೆ. ಸೇವೆ ಮಾಡಿದವನಿಗೆ ಮಾತ್ರ ಇರುವ ಹಕ್ಕೆಂದರೆ, ಏನನ್ನೂ ಮಾಡಲಾರದ ರೋಗಿಗೂ ಮುದುಕನಿಗೂ ಹಕ್ಕೆಲ್ಲಿ ಉಳಿಯಿತು? ಹಡಗಿನಿಂದ ಇಳಿದವರು ಬ್ರಿಟಿಷ್ ಪ್ರಜೆಗಳಾಗಿಯೇ ಇಳಿದಿದ್ದರು. ಅವರ ಹಕ್ಕು ಸೇವೆಗೆ ಕೊಟ್ಟ ಬಹುಮಾನವಲ್ಲ.

ಕೃತಜ್ಞತೆಯು ಪಡೆದವನ ಧರ್ಮ, ಕೊಟ್ಟವನು ತೋರಿಸಬೇಕಾದ ರಹದಾರಿಯಲ್ಲ. ಬಾಗಿಲಿಗೆ ಬಂದ ರೋಗಿಯನ್ನು 'ನೀನು ಏನು ಕೊಟ್ಟೆ?' ಎಂದು ಆ ದಾದಿಯರು ಕೇಳಲಿಲ್ಲ. ಅವರು ಮುದುಕರಾದಾಗ ಅವರನ್ನೂ ಹಾಗೆ ಕೇಳದಿರುವುದೇ ಅವರ ಋಣವನ್ನು ತೀರಿಸುವುದಕ್ಕೆ ಮೊದಲ ಹೆಜ್ಜೆ.